ದಲಾಲಿ ಅಂಗಡಿಗಳಿಗೆ ನಾವು ಮಾಡಿದ ತಂತ್ರಾಂಶವನ್ನು ದೊಡ್ಡ ಕಂಪನಿಯೊಂದು ನಕಲು ಮಾಡಿದರೆ?

ಪಿ.ಬಿ. ರಸ್ತೆ, ದಾವಣಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಇಲ್ಲಿಯೇ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಕಳೆದ ವರ್ಷ ಊರಿಗೆ ಮರಳಿದ್ದೇನೆ. ಈಗ ಗೆಳೆಯನೊಬ್ಬನ ಜೊತೆಗೂಡಿ ಎಪಿಎಂಸಿಯ ದಲಾಲಿ ಅಂಗಡಿಗಳಿಗಾಗಿ ಒಂದು ತಂತ್ರಾಂಶ ಸಿದ್ಧಪಡಿಸುತ್ತಿದ್ದೇನೆ.

ಮೆಕ್ಕೆಜೋಳದ ಹಂಗಾಮಿನಲ್ಲಿ ಚೀಲಗಳ ತೂಕ ಮುಗಿದ ಮೇಲೆ ಗುಮಾಸ್ತರು ತೆಳು ಹಾಳೆಯ ಕೆಳಗೆ ಕಾರ್ಬನ್ ಇಟ್ಟು ಪಟ್ಟಿ ಬರೆಯುವುದನ್ನು ನೀವೆಲ್ಲ ನೋಡಿರುತ್ತೀರಿ. ಚೀಲದ ಲೆಕ್ಕ, ತೇವಾಂಶದ ಕಡಿತ, ಹಮಾಲಿ, ಬಿತ್ತನೆಯ ಕಾಲದಲ್ಲಿ ರೈತ ಪಡೆದಿದ್ದ ಮುಂಗಡ, ಇವೆಲ್ಲ ಅದರಲ್ಲಿ ಒಂದರ ಕೆಳಗೊಂದು ಬರುತ್ತವೆ. ಆದರೆ ರೈತನ ಕೈಗೆ ಸಿಗುವುದು ಅಡಿಯ ಪ್ರತಿ, ಅದರಲ್ಲಿ ಮೂರು ಯಾವುದು, ಎಂಟು ಯಾವುದು ಎಂಬುದೇ ತಿಳಿಯುವುದಿಲ್ಲ. ನಮ್ಮ ತಂತ್ರಾಂಶ ಅದೇ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ, ರೈತನ ವಾಟ್ಸಾಪ್‌ಗೂ ಕಳುಹಿಸಿ, ಅಂಗಡಿಯ ಖಾತೆಯನ್ನೂ ಆಗಲೇ ಸರಿಮಾಡಿಬಿಡುತ್ತದೆ. ಕಳೆದ ಹಂಗಾಮಿನಿಂದ ಮೂರು ಅಂಗಡಿಗಳವರು ಹಣ ಕೊಡದೆ ಬಳಸುತ್ತಿದ್ದಾರೆ.

ಹೋದ ತಿಂಗಳು ದೊಡ್ಡ ಕೃಷಿ ವಹಿವಾಟು ಕಂಪನಿಯೊಂದರ ಅಧಿಕಾರಿಯೊಬ್ಬರು ಅವುಗಳಲ್ಲಿ ಒಂದು ಅಂಗಡಿಗೆ ಬಂದಿದ್ದಾಗ ಇದನ್ನು ಕಂಡು, ತಮ್ಮ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋದರಂತೆ. ವಾರದ ನಂತರ ನನಗೆ ಕರೆ ಬಂತು: "ನಮ್ಮ ಕಚೇರಿಗೆ ಬಂದು ಪೂರ್ತಿ ತೋರಿಸಿ, ಜೊತೆಯಾಗಿ ಕೆಲಸ ಮಾಡಬಹುದು." ಅಂದಿನಿಂದ ನನಗೆ ನಿದ್ದೆ ಸರಿಯಾಗಿಲ್ಲ. ಅವರಲ್ಲಿ ನೂರಾರು ಎಂಜಿನಿಯರುಗಳಿದ್ದಾರೆ, ನಾವಿಬ್ಬರು ಒಂದು ವರ್ಷದಲ್ಲಿ ಮಾಡಿದ್ದನ್ನು ಅವರು ಒಂದು ತಿಂಗಳಲ್ಲಿ ಮಾಡಿಬಿಡಬಲ್ಲರು. ಪೇಟೆಂಟ್ ಮಾಡಿಸದೆ ಯಾರಿಗೂ ತೋರಿಸಬೇಡ ಎಂದು ತಂದೆಯವರು ಹೇಳುತ್ತಾರೆ. ಪೇಟೆಂಟ್ ಸಿಗುತ್ತದೆಯೇ? ಗೋಪ್ಯತಾ ಒಪ್ಪಂದಕ್ಕೆ ಸಹಿ ಕೇಳಿದರೆ ಸಾಕೇ? ಅಥವಾ ಎಲ್ಲ ಮುಗಿಯುವವರೆಗೆ ಹೊಸ ಅಂಗಡಿಗಳಿಗೆ ತೋರಿಸುವುದನ್ನೇ ನಿಲ್ಲಿಸಬೇಕೇ?

ಮಂಡಿಪೇಟೆ ಗುಮಾಸ್ತ (ಉತ್ತರ 1)

ನಾನು ಇಪ್ಪತ್ತೆರಡು ವರ್ಷ ದಲಾಲಿ ಅಂಗಡಿಯಲ್ಲಿ ಪಟ್ಟಿ ಬರೆದವನು, ಆದ್ದರಿಂದ ಕಾನೂನಿನ ಮಾತು ಬಿಟ್ಟು ಅಂಗಡಿಯ ಮಾತನ್ನಷ್ಟೇ ಹೇಳುತ್ತೇನೆ. ನಿಮ್ಮ ಮೊದಲೇ ನಮ್ಮ ಅಂಗಡಿಗೆ ಇಂಥ ಎರಡು ತಂತ್ರಾಂಶಗಳು ಬಂದಿದ್ದವು, ಎರಡೂ ದೊಡ್ಡವರದ್ದೇ. ಒಂದನ್ನು ಒಂದು ಹಂಗಾಮು ಬಳಸಿದೆವು, ಇನ್ನೊಂದನ್ನು ಹದಿನೈದು ದಿನವೂ ಬಳಸಲಿಲ್ಲ.

ಕಾರಣ ಇದು. ಜಗಳೂರು ಕಡೆಯ ಅಣ್ಣತಮ್ಮಂದಿರು ಮೂವರು ಜೂನ್‌ನಲ್ಲಿ ಬೀಜ, ಗೊಬ್ಬರಕ್ಕೆಂದು ಹಿರಿಯಣ್ಣನ ಹೆಸರಿನಲ್ಲಿ ಮುಂಗಡ ಒಯ್ದಿದ್ದರು. ನವೆಂಬರ್‌ನಲ್ಲಿ ಚೀಲಗಳು ಮೂವರ ಹೆಸರಿನಲ್ಲಿ, ಮೂರು ಬೇರೆ ಬೇರೆ ದಿನ ಬಂದವು. ನಡುವಿನವನು ತನ್ನ ಪಾಲಿನ ಮುಂಗಡವನ್ನು ಈ ಸಲ ಹಿಡಿಯಬೇಡಿ, ಮಗಳ ಮದುವೆ ಇದೆ ಎಂದ. ಸಾಹುಕಾರರು ಹೂಂ ಎಂದರು. ಇದನ್ನು ಆ ತಂತ್ರಾಂಶದಲ್ಲಿ ಬರೆಯಲು ಜಾಗವೇ ಇರಲಿಲ್ಲ. ನಾನು ಎಂದಿನಂತೆ ಕೆಂಪು ಬಟ್ಟೆಯ ಖಾತೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಂಡೆ. ಹೀಗೆ ಪುಸ್ತಕವೂ ಉಳಿಯಿತು, ಕಂಪ್ಯೂಟರೂ ಉಳಿಯಿತು, ನನಗೆ ಎರಡು ಪಟ್ಟು ಕೆಲಸವಾಯಿತು. ಸಾಹುಕಾರರು ಕಂಪನಿಯ ಹುಡುಗನನ್ನು ಕೂರಿಸಿಕೊಂಡು, "ಅಲ್ಲಪ್ಪಾ, ಎಲ್ಲಾ ಐತಿ ಅಂತೀಯಲ್ಲ, ನಮ್ಮ ಬಾಯಿಮಾತು ಇದ್ರಾಗ ಎಲ್ಲೈತಿ?" ಎಂದು ಕೇಳಿದ್ದು ನನಗೆ ಇನ್ನೂ ನೆನಪಿದೆ.

ತೇವಾಂಶವೂ ಹಾಗೆಯೇ. ನೂರಕ್ಕೆ 14ರವರೆಗೆ ತಕರಾರಿಲ್ಲ, ಅದರ ಮೇಲೆ ಹೋದರೆ ಎಷ್ಟು ಹಿಡಿಯಬೇಕೆಂಬ ರೂಢಿ ಖರೀದಿದಾರರಿಂದ ಖರೀದಿದಾರರಿಗೆ ಬೇರೆ, ಮಳೆ ಬಂದ ವಾರಕ್ಕೇ ಬೇರೆ. ಆ ಅಧಿಕಾರಿ ಮಾಡಿಕೊಂಡು ಹೋದ ವಿಡಿಯೊದಲ್ಲಿ ಇದು ಯಾವುದೂ ಇರುವುದಿಲ್ಲ. ನಿಮ್ಮ ತಂತ್ರಾಂಶದಲ್ಲಿ ಇದೆಯೇ ಎಂಬುದೇ ನನ್ನ ಪ್ರಶ್ನೆ. ಇಲ್ಲವಾದರೆ ಅವರು ನಕಲು ಮಾಡಲಿ ಬಿಡಿ, ನಿಮ್ಮದೂ ಅವರದೂ ಒಂದೇ ಕಪಾಟಿಗೆ ಹೋಗುತ್ತವೆ. ತೋರಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಮೂರು ಅಂಗಡಿಗಳಲ್ಲಿ ಕಲಿತದ್ದು ಬಹಳ ಕಡಿಮೆ.

ಕೋಟೆ ವಕೀಲ, ಚಿತ್ರದುರ್ಗ (ಉತ್ತರ 2)

ತಂದೆಯವರ ಕಾಳಜಿ ಸರಿಯಾದದ್ದೇ, ಆದರೆ ಪೇಟೆಂಟ್ ನಿಮ್ಮ ಕೆಲಸಕ್ಕೆ ಒದಗುವುದಿಲ್ಲ. 1970ರ ಪೇಟೆಂಟ್ ಕಾಯ್ದೆಯ ಕಲಂ 3(ಕೆ) ಪ್ರಕಾರ ವ್ಯವಹಾರದ ವಿಧಾನ, ಗಣಿತದ ವಿಧಾನ, ಅಲ್ಗಾರಿದಮ್, ಬರಿಯ ಕಂಪ್ಯೂಟರ್ ಪ್ರೋಗ್ರಾಂ ಇವು ಆವಿಷ್ಕಾರಗಳೆನಿಸುವುದಿಲ್ಲ. ತಾಂತ್ರಿಕ ಪರಿಣಾಮವಿರುವ ಕೆಲವು ತಂತ್ರಾಂಶಗಳಿಗೆ ಪೇಟೆಂಟ್ ದೊರೆತಿರುವುದು ನಿಜ, ಆದರೆ ಪಟ್ಟಿ ಬರೆದು ಕಳುಹಿಸುವ ವ್ಯವಸ್ಥೆ ಆ ಸಾಲಿಗೆ ಸೇರುವುದು ಕಷ್ಟ. ಮುಂದೆ ನೀವೇನಾದರೂ ತೇವಾಂಶ ಅಳೆಯುವ ಹೊಸ ಬಗೆಯ ಉಪಕರಣ ಮಾಡಿದರೆ ಮಾತು ಬೇರೆ. ಆಗ ಯಾರಿಗೂ ತೋರಿಸುವ ಮುನ್ನ ತಾತ್ಕಾಲಿಕ ಅರ್ಜಿಯನ್ನು ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ಅರ್ಜಿ ಕೊಡಬೇಕು, ಏಕೆಂದರೆ ಮೊದಲೇ ಬಹಿರಂಗವಾದದ್ದಕ್ಕೆ ಹೊಸತನ ಉಳಿಯುವುದಿಲ್ಲ.

ಕಲ್ಪನೆಗೆ ಕೃತಿಸ್ವಾಮ್ಯವೂ ಇಲ್ಲ. ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ: ರಕ್ಷಣೆ ಇರುವುದು ಕಲ್ಪನೆಯನ್ನು ಅಭಿವ್ಯಕ್ತಿಸಿದ ರೂಪಕ್ಕೆ ಮಾತ್ರ. ನೀವು ಬರೆದ ಕೋಡ್ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಸಾಹಿತ್ಯ ಕೃತಿಯೆಂದೇ ಪರಿಗಣಿತವಾಗುತ್ತದೆ, ನೋಂದಣಿ ಮಾಡಿಸದಿದ್ದರೂ ಹಕ್ಕು ನಿಮ್ಮದೇ. ಅದೇ ಕೆಲಸವನ್ನು ಅವರು ತಾವೇ ಬೇರೆ ಕೋಡ್ ಬರೆದು ಮಾಡಿದರೆ ನೀವು ತಡೆಯಲಾರಿರಿ.

ಇಲ್ಲಿ ನೀವು ಕೇಳದ ಒಂದು ಪ್ರಶ್ನೆ ಇದೆ, ನನ್ನ ಅನುಭವದಲ್ಲಿ ಜಗಳ ಬರುವುದು ಅಲ್ಲಿಂದಲೇ. ಕೋಡ್‌ನಲ್ಲಿ ನಿಮ್ಮ ಗೆಳೆಯ ಬರೆದ ಭಾಗ ಎಷ್ಟು, ಅದರ ಹಕ್ಕು ಯಾರದ್ದು ಎಂದು ಕಾಗದದ ಮೇಲೆ ಇದೆಯೇ? ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕನದಾಗುತ್ತದೆ, ಆದರೆ ಗೆಳೆಯನೋ ಗುತ್ತಿಗೆಯವನೋ ಬರೆದದ್ದು ಲಿಖಿತವಾಗಿ ವರ್ಗಾಯಿಸದ ಹೊರತು ಅವನದೇ. ನಾಳೆ ಆ ಕಂಪನಿ ನಿಮ್ಮ ಗೆಳೆಯನಿಗೆ ಒಳ್ಳೆಯ ಸಂಬಳದ ಕೆಲಸ ಕೊಟ್ಟರೆ ಏನಾಗುತ್ತದೆಂದು ಯೋಚಿಸಿ. ಅವನನ್ನು ಆ ಕೆಲಸಕ್ಕೆ ಸೇರದಂತೆ ತಡೆಯುವ ಷರತ್ತು 1872ರ ಕರಾರು ಕಾಯ್ದೆಯ ಕಲಂ 27ರ ಮುಂದೆ ನಿಲ್ಲುವುದಿಲ್ಲ. ಹಕ್ಕು ವರ್ಗಾವಣೆ ಪತ್ರ ಮತ್ತು ಗೋಪ್ಯತೆಯ ಕರಾರು ಮಾತ್ರ ನಿಲ್ಲುತ್ತವೆ.

ದೊಡ್ಡ ಕಂಪನಿಗಳು ಮೊದಲ ಭೇಟಿಯಲ್ಲೇ ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕುವುದು ಅಪರೂಪ. ಕೇಳಿ ನೋಡಿ, ಹಾಕದಿದ್ದರೆ ಹೊರಗಿನಿಂದ ಕಾಣುವಷ್ಟನ್ನೇ ತೋರಿಸಿ. ವ್ಯಾಪಾರದ ಗುಟ್ಟುಗಳಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ, ಕಾನೂನು ಆಯೋಗ 2024ರಲ್ಲಿ ತನ್ನ 289ನೇ ವರದಿಯಲ್ಲಿ ಅಂಥದ್ದೊಂದನ್ನು ಶಿಫಾರಸು ಮಾಡಿದೆಯಷ್ಟೆ.

ತಂತ್ರಾಂಶದ ಹೆಸರನ್ನಂತೂ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿ. ವ್ಯಕ್ತಿಗಳಿಗೂ ನವೋದ್ಯಮಗಳಿಗೂ ಆನ್‌ಲೈನ್ ಅರ್ಜಿಗೆ ಸರಕು-ಸೇವೆಗಳ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ತಂತ್ರಾಂಶಕ್ಕೆ 9 ಮತ್ತು 42ನೇ ವರ್ಗಗಳು ಬೇಕಾಗುತ್ತವೆ. "ದಾವಣಗೆರೆ ಪಟ್ಟಿ" ಎಂಬಂಥ ಹೆಸರು ಇಡಬೇಡಿ, ಊರಿನ ಹೆಸರಿಗೆ ಸರಕಿನ ಹೆಸರು ಸೇರಿಸಿದ ಗುರುತನ್ನು ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 9ರ ಅಡಿ ತಿರಸ್ಕರಿಸುತ್ತಾರೆ. ಬೆಂಗಳೂರಿನ ಬೀದಿಬೀದಿಗಳಲ್ಲಿ "ದಾವಣಗೆರೆ ಬೆಣ್ಣೆ ದೋಸೆ" ಎಂಬ ಫಲಕ ನೇತಾಡುತ್ತಿದ್ದರೂ ನಿಮ್ಮೂರಿನ ಯಾವ ಹೋಟೆಲಿನವರೂ ಏನೂ ಮಾಡಲಾಗದಿರುವುದನ್ನು ನೋಡುತ್ತಲೇ ಇದ್ದೀರಲ್ಲ.

ಚಳ್ಳಕೆರೆ ಗಾಣ (ಉತ್ತರ 3)

ಗುಮಾಸ್ತರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ, ಏಕೆಂದರೆ ನನ್ನದು ನಿಜವಾಗಿಯೂ ಕೈತಪ್ಪಿದೆ.

ಶೇಂಗಾ ಎಣ್ಣೆ ಗಿರಣಿಗಳಿಗೆ ಲಾರಿ ತೂಗುವ ವೇಬ್ರಿಡ್ಜ್‌ನಿಂದ ನೇರವಾಗಿ ಲೆಕ್ಕ ಹಿಡಿಯುವ ತಂತ್ರಾಂಶವೊಂದನ್ನು ನಾನು ಮಾಡಿದ್ದೆ. ಕಂಪನಿಯೊಂದು ಪಾಲುದಾರಿಕೆಗೆಂದು ಕರೆಯಿತು. ಎರಡು ಸಭೆಗಳು ಆದವು, ಊಟ ಹಾಕಿಸಿದರು, ಕೋಡ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಮಾರುಕಟ್ಟೆ ಎಷ್ಟಿದೆ ಎಂದು ಮೇಲಿನವರಿಗೆ ತೋರಿಸಬೇಕು" ಎಂದು ನನ್ನ ಗಿರಾಕಿಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕೇಳಿದರು, ಕೊಟ್ಟೆ. ನಾಲ್ಕು ತಿಂಗಳ ನಂತರ ಅವರ ಮಾರಾಟದ ಹುಡುಗರು ಗಿರಣಿಗಳಿಗೆ ಹೊರಟರು. ಯಾವ ದಿನ ಯಾವ ಗಿರಣಿಗೆ ಹೋಗಿದ್ದರೆಂದು ಮಾಲೀಕರನ್ನು ವಿಚಾರಿಸುತ್ತಾ ಹೋದಾಗ ತಿಳಿಯಿತು: ನನ್ನ ಎಕ್ಸೆಲ್‌ನಲ್ಲಿ ಯಾವ ಸಾಲಿನ ನಂತರ ಯಾವ ಸಾಲಿತ್ತೋ ಅದೇ ಕ್ರಮದಲ್ಲಿ ಹೋಗಿದ್ದರು. ಅವರ ತಂತ್ರಾಂಶ ನನ್ನದಕ್ಕಿಂತ ಕಳಪೆಯಾಗಿತ್ತು, ಆದರೆ ಎರಡು ವರ್ಷ ಉಚಿತ.

ಆದ್ದರಿಂದ ಭಯ ಬೇಡವೆಂದು ನಾನು ಹೇಳಲಾರೆ. ಸ್ನ್ಯಾಪ್‌ಚಾಟ್ 2013ರಲ್ಲಿ ತಂದ ಸ್ಟೋರೀಸ್ ಅನ್ನು ಇನ್‌ಸ್ಟಾಗ್ರಾಂ 2016ರ ಆಗಸ್ಟ್‌ನಲ್ಲಿ ಅದೇ ಹೆಸರಿನಲ್ಲಿ ಎತ್ತಿಕೊಂಡು, ವರ್ಷ ತುಂಬುವ ಮೊದಲೇ ಬಳಕೆದಾರರ ಸಂಖ್ಯೆಯಲ್ಲಿ ಮೂಲದವರನ್ನು ಹಿಂದೆ ಹಾಕಿತು. ಗೆದ್ದದ್ದು ಕಲ್ಪನೆಯಿಂದಲ್ಲ, ಜನ ಅದಾಗಲೇ ಅಲ್ಲಿದ್ದರು. ಇನ್ನೊಂದು ಕಡೆ, ದುಡ್ಡಿದ್ದ ಮಾತ್ರಕ್ಕೆ ಗೆಲ್ಲುತ್ತಾರೆಂದೂ ಇಲ್ಲ: ಊಬರ್ ತನ್ನ ಊಟ ತಲುಪಿಸುವ ವ್ಯವಹಾರವನ್ನು ಭಾರತದಲ್ಲಿ 2020ರ ಜನವರಿಯಲ್ಲಿ ಜೊಮ್ಯಾಟೊಗೆ ಮಾರಿ ಹೋಯಿತು, ಅಮೆಜಾನ್ 2020ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಊಟದ ಸೇವೆಯನ್ನು 2022ರ ಕೊನೆಗೆ ಮುಚ್ಚಿತು. ದೊಡ್ಡವರಿಗೆ ಅದು ಹತ್ತರಲ್ಲಿ ಹನ್ನೊಂದನೆಯ ಕೆಲಸ, ಲಾಭ ಕಾಣದಿದ್ದರೆ ಕೈಬಿಡುತ್ತಾರೆ. ಅವರು ಕೈಬಿಡುವವರೆಗೆ ನೀವು ಉಸಿರು ಹಿಡಿದುಕೊಂಡು ಇರುತ್ತೀರಾ ಎಂಬುದೇ ಲೆಕ್ಕ. ನನಗೆ ಆಗಲಿಲ್ಲ, ಏಕೆಂದರೆ ನಾನೂ ನಿಮ್ಮಂತೆಯೇ ಯಾರಿಂದಲೂ ಹಣ ಪಡೆದಿರಲಿಲ್ಲ. ಉಚಿತವಾಗಿ ಬಳಸುವವನು ಇನ್ನೊಂದು ಉಚಿತದತ್ತ ಹೋಗಲು ಒಂದು ದಿನವೂ ಯೋಚಿಸುವುದಿಲ್ಲ. ತಿಂಗಳಿಗೆ ಮುನ್ನೂರು ರೂಪಾಯಿಯಾದರೂ ಸರಿ, ಈ ಹಂಗಾಮಿನಿಂದಲೇ ಪಡೆಯಿರಿ.

ವಾಟ್ಸಾಪ್ ಬಗ್ಗೆಯೂ ಒಂದು ಮಾತು. ನೀವು ಹೆದರಿರುವುದು ಆ ಕೃಷಿ ವಹಿವಾಟು ಕಂಪನಿಗೆ, ಆದರೆ ನಿಮ್ಮ ಪಟ್ಟಿ ರೈತನಿಗೆ ತಲುಪುವ ದಾರಿಯೇ ಅದಕ್ಕಿಂತ ಎಷ್ಟೋ ದೊಡ್ಡ ಕಂಪನಿಯ ಕೈಯಲ್ಲಿದೆ. ದರ ಏರಿಸಿದರೆ, ನಿಯಮ ಬದಲಿಸಿದರೆ ಎಸ್ಸೆಮ್ಮೆಸ್‌ನಲ್ಲಾದರೂ ಕಳುಹಿಸುವ ದಾರಿ ಇಟ್ಟುಕೊಳ್ಳಿ.

ಪಿ.ಬಿ. ರಸ್ತೆ, ದಾವಣಗೆರೆ

ಮೂವರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಗೆಳೆಯನೊಂದಿಗೆ ಕುಳಿತು ಮಾತನಾಡಿದೆ. ಹಕ್ಕು ವರ್ಗಾವಣೆಯ ಮಾತೆತ್ತಿದಾಗ ಅವನು ಐದು ನಿಮಿಷ ಮುಖ ಊದಿಸಿಕೊಂಡಿದ್ದು ನಿಜ, ಕೊನೆಗೆ ತನ್ನ ಪಾಲು ಎಷ್ಟೆಂದೂ ಅದೇ ಕಾಗದದಲ್ಲಿ ಬರೆಯುವುದಾದರೆ ಸಹಿ ಹಾಕುತ್ತೇನೆಂದ. ನ್ಯಾಯವಾದದ್ದೇ. ಆ ಕಂಪನಿಯವರಿಗೆ, ಕಚೇರಿಗೆ ಬರಲಾಗದು, ನೋಡಬೇಕೆಂದರೆ ಅಂಗಡಿಗೇ ಬಂದು ನೋಡಿ ಎಂದು ಉತ್ತರ ಬರೆದಿದ್ದೇನೆ. ಅಂಗಡಿಗಳ ಹೆಸರನ್ನಾಗಲಿ ರೈತರ ಸಂಖ್ಯೆಗಳನ್ನಾಗಲಿ ಯಾರಿಗೂ ಕೊಡುವುದಿಲ್ಲ, ಅವು ಹೇಗೂ ನಾನು ಕೊಡುವಂಥವಲ್ಲ.

ಗುಮಾಸ್ತರೇ, ಅಣ್ಣತಮ್ಮಂದಿರ ಮುಂಗಡವನ್ನು ನಮ್ಮದರಲ್ಲಿ ಹಾಕಿ ನೋಡಿದೆ. ಹಿರಿಯಣ್ಣನ ಹೆಸರಿನಲ್ಲಿ ಪೂರ್ತಿ ಮೊತ್ತ ಕಡಿತವಾಗಿ, ಅವನ ಪಟ್ಟಿ ಋಣಕ್ಕಿಳಿಯಿತು. ಇದು ಮೂರು ಅಂಗಡಿಗಳಲ್ಲಿ ಯಾರೂ ಹೇಳದಿದ್ದ ತಪ್ಪು. ನಿಮಗೆ ತೊಂದರೆಯಿಲ್ಲವೆಂದರೆ ಒಂದು ದಿನ ನಿಮ್ಮ ಹಳೆಯ ಖಾತೆ ಪುಸ್ತಕದ ಅಂಚುಗಳನ್ನು ನೋಡಬಹುದೇ?

ಮಂಡಿಪೇಟೆ ಗುಮಾಸ್ತ

ಪುಸ್ತಕ ಸಾಹುಕಾರರದ್ದು, ಅವರನ್ನು ಕೇಳಬೇಕು, ಕೇಳುತ್ತೇನೆ. ಹೆಸರುಗಳ ಮೇಲೆ ಕಾಗದ ಮುಚ್ಚಿ ತೋರಿಸಿದರೆ ಬೇಡವೆನ್ನಲಾರರು. ಸೋಮವಾರ ಬನ್ನಿ, ಆದರೆ ನಾಲ್ಕರ ಮೇಲೆ; ಟೆಂಡರ್ ಮುಗಿಯುವವರೆಗೆ ಅಂಗಡಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ನಿಮ್ಮ ಪ್ರಿಂಟರನ್ನೂ ಜೊತೆಗೆ ತನ್ನಿ.