ಆಸ್ಪರ್ಜಿಲಸ್ ನೈಗರ್ ಬೆಳೆಸುವಾಗ ದ್ರವ ಮಂದವಾಗಿ ಆಮ್ಲಜನಕ ಕುಸಿಯುವುದೇಕೆ?

ಪ್ರಶ್ನೆ:
ಯೀಸ್ಟ್ ಬೆಳೆಸುತ್ತಿದ್ದ ಫರ್ಮೆಂಟರ್‌ನಲ್ಲೇ ಈಗ ಸಿಟ್ರಿಕ್ ಆಮ್ಲಕ್ಕಾಗಿ ಆಸ್ಪರ್ಜಿಲಸ್ ನೈಗರ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತಿದ್ದೇನೆ. ದ್ರವ ಬಹುಬೇಗ ಮಂದವಾಗಿ ಕರಗಿದ ಆಮ್ಲಜನಕ ತೀರಾ ಕೆಳಗಿಳಿಯುತ್ತದೆ. ಇಂಪೆಲ್ಲರ್ (ದ್ರವವನ್ನು ಕಲಕುವ ತಿರುಗುರೆಕ್ಕೆ) ವೇಗ ಹೆಚ್ಚಿಸಿದರೆ ಸೂಕ್ಷ್ಮದರ್ಶಕದಡಿ ತುಂಡಾದ ತಂತುಗಳು ಕಾಣುತ್ತವೆಯೇ ಹೊರತು ಆಮ್ಲ ಏರುವುದಿಲ್ಲ. ಯೀಸ್ಟ್ ಇದಕ್ಕಿಂತ ದಟ್ಟವಾಗಿ ಬೆಳೆದಾಗಲೂ ಈ ತೊಂದರೆ ಇರಲಿಲ್ಲ. ಕಾರಣವೇನು?

ಉತ್ತರ 1:
ಕಾರಣ ಜೀವಿಯ ಆಕಾರದಲ್ಲಿದೆ. ಯೀಸ್ಟ್ ಕೋಶಗಳು ಸುಮಾರು 5ರಿಂದ 10 ಮೈಕ್ರೋಮೀಟರ್ ಗಾತ್ರದ ಬಿಡಿಬಿಡಿ ಕಣಗಳಾದ್ದರಿಂದ ಅವು ತುಂಬಿದ ದ್ರವವೂ ಹೆಚ್ಚುಕಡಿಮೆ ನೀರಿನಂತೆಯೇ ಹರಿಯುತ್ತದೆ. ತಂತುಶಿಲೀಂಧ್ರವಾದರೋ ತುದಿಯಲ್ಲಿ ಮಾತ್ರ ಉದ್ದವಾಗುತ್ತ, ನಡುನಡುವೆ ಕವಲೊಡೆಯುತ್ತ ಬೆಳೆಯುತ್ತದೆ. ಆ ತಂತುಗಳು ಒಂದಕ್ಕೊಂದು ಹೆಣೆದುಕೊಂಡಾಗ ದ್ರವ ಇಂಪೆಲ್ಲರ್ ಬಳಿ ತೆಳುವಾಗಿ, ದೂರದಲ್ಲಿ ಬಹುತೇಕ ನಿಶ್ಚಲವಾಗಿ ಉಳಿಯುತ್ತದೆ. ಗಾಳಿಯ ಗುಳ್ಳೆಗಳು ದೊಡ್ಡದಾಗಿ ಕೂಡಿಕೊಂಡು ನಡುವಿನ ಸುಲಭದ ದಾರಿಯಲ್ಲೇ ಮೇಲೇರಿಬಿಡುತ್ತವೆ. ಆದ್ದರಿಂದ ವೇಗ ಹೆಚ್ಚಿಸುವುದಕ್ಕಿಂತ ಬೆಳವಣಿಗೆಯ ರೂಪವನ್ನೇ ಬದಲಿಸುವುದು ಸರಿಯಾದ ದಾರಿ.

ಉತ್ತರ 2:
ಮೇಲಿನವರ ಮಾತಿಗೆ ಮ್ಯಾಂಗನೀಸ್ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ಸಿಟ್ರಿಕ್ ಆಮ್ಲದ ಮಟ್ಟಿಗೆ ಅದೇ ಮುಖ್ಯ. ಮ್ಯಾಂಗನೀಸ್ ಕೊರತೆಯಿದ್ದಾಗ ಈ ಶಿಲೀಂಧ್ರದ ಕೋಶಭಿತ್ತಿಯ ರಚನೆ ಬದಲಾಗಿ, ತಂತುಗಳು ಗಿಡ್ಡವಾಗಿ ಊದಿಕೊಂಡು, ಸಣ್ಣ ಗಟ್ಟಿ ಉಂಡೆಗಳಾಗಿ ಕೂಡಿಕೊಳ್ಳುತ್ತವೆ. ದ್ರವ ತೆಳುವಾಗಿಯೇ ಉಳಿಯುತ್ತದೆ. ಆದರೆ ಲೀಟರಿಗೆ ಕೆಲವೇ ಮೈಕ್ರೋಗ್ರಾಂನಷ್ಟು ಮ್ಯಾಂಗನೀಸ್ ಸೇರಿದರೂ ಉದ್ದ ತಂತುಗಳು ಮರಳುತ್ತವೆ, ಇಳುವರಿಯೂ ಕುಸಿಯುತ್ತದೆ. ಸಕ್ಕರೆ, ನೀರು, ಉಕ್ಕಿನ ಪಾತ್ರೆ, ಈ ಮೂರರಿಂದಲೂ ಅದು ನುಸುಳಬಹುದು. ಸಕ್ಕರೆ ದ್ರಾವಣವನ್ನು ಅಯಾನು ವಿನಿಮಯದಿಂದ (ಲೋಹದ ಅಯಾನುಗಳನ್ನು ರಾಳದಲ್ಲಿ ಹಿಡಿದಿಡುವ ವಿಧಾನ) ಶುದ್ಧಗೊಳಿಸಿ; ತಾಮ್ರವನ್ನು ಸ್ವಲ್ಪ ಸೇರಿಸಿದರೆ ಮ್ಯಾಂಗನೀಸ್ ಹೀರಿಕೆ ತಗ್ಗುತ್ತದೆ.

ಇನ್ನೊಂದು ಎಚ್ಚರಿಕೆ: ಆಮ್ಲ ಉತ್ಪಾದನೆಯ ಹಂತದಲ್ಲಿ ಗಾಳಿ ಅಲ್ಪಕಾಲ ನಿಂತರೂ, ಮತ್ತೆ ಗಾಳಿ ಕೊಟ್ಟಾಗ ಬೆಳವಣಿಗೆ ಮುಂದುವರಿಯಬಹುದು, ಆದರೆ ಆಮ್ಲದ ಉತ್ಪಾದನೆ ಮೊದಲಿನ ಮಟ್ಟಕ್ಕೆ ಬರುವುದಿಲ್ಲ. ಪಿಎಚ್ ಸುಮಾರು 2ರಲ್ಲಿದೆಯೇ ಎಂದೂ ನೋಡಿ. ಅದು ಏರಿದರೆ ಗ್ಲುಕೋನಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು ಜೊತೆಗೆ ಬರುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಉಂಡೆಗಳ ಗಾತ್ರವನ್ನು ಹೇಗೆ ನಿಯಂತ್ರಿಸಬೇಕು? ಮುಂದೆ ಇದೇ ಜೀವಿಯಿಂದ ಗ್ಲುಕೋಅಮೈಲೇಸ್ (ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ) ಪಡೆಯುವ ಯೋಚನೆಯೂ ಇದೆ. ಅದಕ್ಕೂ ಉಂಡೆಗಳೇ ಒಳ್ಳೆಯವೇ?

ಉತ್ತರ 3:
ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಆರಂಭದಲ್ಲಿ ಬಿತ್ತುವ ಬೀಜಕಗಳ (ಶಿಲೀಂಧ್ರ ಮೊಳೆಯುವ ಬೀಜದಂಥ ಕಣಗಳ) ಸಂಖ್ಯೆ. ಬೀಜಕಗಳು ಕಡಿಮೆಯಾದರೆ ಕೆಲವೇ ದೊಡ್ಡ ಉಂಡೆಗಳಾಗುತ್ತವೆ, ಹೆಚ್ಚಾದಂತೆ ಉಂಡೆಗಳು ಚಿಕ್ಕದಾಗುತ್ತವೆ, ಅತಿಯಾದರೆ ಬಿಡಿ ತಂತುಗಳೇ ಹರಡುತ್ತವೆ. ದೊಡ್ಡ ಉಂಡೆಯ ಒಡಲಿಗೆ ಆಮ್ಲಜನಕ ತಲುಪದೆ ಅಲ್ಲಿನ ಕೋಶಗಳು ಸತ್ತು ಟೊಳ್ಳಾಗುತ್ತದೆ, ಹಾಗಾಗಿ ಅರ್ಧ ಮಿಲಿಮೀಟರ್ ಆಸುಪಾಸಿನ ಉಂಡೆಗಳಿಗೆ ಪ್ರಯತ್ನಿಸಿ.

ಕಿಣ್ವದ ವಿಷಯ ಬೇರೆ. ಪ್ರೋಟೀನು ಹೊರಬರುವುದು ಹೆಚ್ಚಾಗಿ ಬೆಳೆಯುವ ತುದಿಗಳಲ್ಲಿ, ಆದ್ದರಿಂದ ಅಲ್ಲಿ ತುದಿಗಳು ಹೆಚ್ಚಾಗಿರುವ ಬಿಡಿಯಾದ ಬೆಳವಣಿಗೆಯೇ ಅನೇಕ ಸಲ ಲಾಭದಾಯಕ. ಅದಕ್ಕಾಗಿ ಟಾಲ್ಕ್‌ನಂಥ ಸೂಕ್ಷ್ಮ ಖನಿಜ ಕಣಗಳನ್ನು ಮಾಧ್ಯಮಕ್ಕೆ ಬೆರೆಸಿ, ಮೊಳೆಯುವ ಬೀಜಕಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ವಿಧಾನವಿದೆ. ಎರಡು ಉತ್ಪನ್ನಗಳಿಗೂ ಒಂದೇ ಮಾಧ್ಯಮ, ಒಂದೇ ಬೀಜಕ ಪ್ರಮಾಣ ಬಳಸಬೇಡಿ.