ಇಪ್ಪತ್ತು ವರ್ಷ ಹಳೆಯ ಗಾಲ್ಫ್ ಡ್ರೈವರ್, ಬಲಕ್ಕೆ ಓಡುವ ಚೆಂಡು: ಕೋಲು ಬದಲಿಸಬೇಕೇ, ಕೈ ಬದಲಿಸಬೇಕೇ?

ಲಲಿತಮಹಲ್ ರಸ್ತೆ:

ಎಲ್ಲರಿಗೂ ನಮಸ್ಕಾರ. ನನಗೆ ವಯಸ್ಸು 56, ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕ) 19. ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ ವಾರಕ್ಕೆ ಎರಡು ಬೆಳಗ್ಗೆ ಆಡುತ್ತೇನೆ. ನನ್ನ ಡ್ರೈವರ್, ಅಂದರೆ ಮೊದಲ ದೂರದ ಹೊಡೆತದ ಉದ್ದ ಕೋಲು, 2005ರಲ್ಲಿ ಭಾವ ಸಿಂಗಪುರದಿಂದ ತಂದುಕೊಟ್ಟದ್ದು. ಟೈಟಾನಿಯಂ ತಲೆ, 400 ಸಿಸಿ, 9 ಡಿಗ್ರಿ ಲಾಫ್ಟ್ (ಚೆಂಡಿಗೆ ತಗುಲುವ ಮುಖದ ಓರೆ), ‘ಎಸ್’ ಎಂದು ಬರೆದ ಗಟ್ಟಿ ಶಾಫ್ಟ್ (ದಂಡ). ಬಹಳ ವರ್ಷ ನಿಯತ್ತಾಗಿ ದುಡಿಯಿತು. ಈಚಿನ ಎರಡು ವರ್ಷದಿಂದ ಚೆಂಡು ನೆಟ್ಟಗೆ ಹೊರಟು, ಅರ್ಧ ದಾರಿಯಲ್ಲಿ ಯಾರೋ ಹೆಸರು ಹಿಡಿದು ಕರೆದ ಹಾಗೆ ಬಲಕ್ಕೆ ತಿರುಗಿಬಿಡುತ್ತದೆ. ಮೇಲಕ್ಕೂ ಏಳುವುದಿಲ್ಲ. ಉರುಳಿದ್ದೂ ಸೇರಿ 210 ಗಜ ಹೋಗುತ್ತಿದ್ದದ್ದು ಈಗ 180. ಮಳೆಗಾಲದಲ್ಲಂತೂ ಬಿದ್ದಲ್ಲೇ ಕುಳಿತುಬಿಡುತ್ತದೆ.

ಜೊತೆಯವರೆಲ್ಲ ಹೊಸದು ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ಮನೆಯಲ್ಲಿ ಮಾತ್ರ ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತಿದೆ. ಅರ್ಧ ಲಕ್ಷದ ಆಸುಪಾಸು ಸುರಿಯುವ ಮುನ್ನ ಕೇಳುತ್ತಿದ್ದೇನೆ: ತಪ್ಪು ಕೋಲಿನದೋ, ನನ್ನದೋ?

ಮಂಡ್ಯದ ಆಲೆಮನೆ:

ಸರ್, ಯಾವುದನ್ನು ಕೊಳ್ಳಬೇಕು ಎನ್ನುವುದಕ್ಕೆ ಮೊದಲು ನಿಮ್ಮ ಹಳೆಯ ಕೋಲಿಗೆ ಜೀವ ಇದೆಯೇ ನೋಡೋಣ. ಒಂದು ಎಟಿಎಂ ಕಾರ್ಡಿನ ಅಂಚನ್ನು ಡ್ರೈವರಿನ ಮುಖಕ್ಕೆ ಅಡ್ಡಲಾಗಿ ಇಟ್ಟು, ಬೆಳಕಿಗೆ ಹಿಡಿಯಿರಿ. ಮುಖ ಸ್ವಲ್ಪ ಉಬ್ಬಿರಬೇಕು, ಕಾರ್ಡಿನ ಎರಡೂ ತುದಿಯಲ್ಲಿ ಸಂದು ಕಾಣಬೇಕು. ನಡುವೆ ಬೆಳಕು ತೂರಿತೆಂದರೆ ಮುಖ ಒಳಕ್ಕೆ ಕುಸಿದಿದೆ ಎಂದು ಅರ್ಥ. ಆಮೇಲೆ ತಲೆಯನ್ನು ಕಿವಿಯ ಹತ್ತಿರ ಅಲುಗಿಸಿ. ಗಲಗಲ ಸದ್ದಾದರೆ ಹೆದರಬೇಡಿ, ಅದು ಹೆಚ್ಚಾಗಿ ಒಳಗೆ ಬಿಟ್ಟುಕೊಂಡ ಅಂಟಿನ ಉಂಡೆ. ಆದರೆ ಹೊಡೆದಾಗ ಮೊದಲಿನ ಠಣ್ ಹೋಗಿ, ಬಿರುಕು ಬಿಟ್ಟ ಮಡಕೆಯಂತೆ ಬದ್ದ್ ಎನ್ನುತ್ತಿದ್ದರೆ ಆ ಕೋಲಿನ ಕತೆ ಮುಗಿಯಿತು.

ಇದೆಲ್ಲ ಸರಿಯಿದ್ದರೆ, ಮನೆಯಲ್ಲಿರುವ ಟಾಲ್ಕಂ ಪೌಡರನ್ನು ಮುಖಕ್ಕೆ ತೆಳ್ಳಗೆ ಸವರಿ ಹತ್ತು ಚೆಂಡು ಹೊಡೆಯಿರಿ. ಪ್ರತಿ ಹೊಡೆತಕ್ಕೂ ಗುರುತು ಎಲ್ಲಿ ಬಿತ್ತು ಎಂದು ಬರೆದಿಡಿ. ನೆನಪನ್ನು ನಂಬಬೇಡಿ, ಒಳ್ಳೆಯ ಎರಡು ಹೊಡೆತ ಮಾತ್ರ ನೆನಪಿನಲ್ಲಿ ಉಳಿಯುತ್ತವೆ.

ಹೊಸದೇ ವಾಸಿ:

ಇಷ್ಟೆಲ್ಲ ಪರೀಕ್ಷೆ ಯಾಕೆ? ಈ ವರ್ಷದ ಮಾದರಿ ತೆಗೆದುಕೊಳ್ಳಿ, 30 ಗಜ ಹೆಚ್ಚು ಹೋಗುತ್ತದೆ.

ಮಂಡ್ಯದ ಆಲೆಮನೆ:

ಅದು ಜಾಹೀರಾತಿನ ಮಾತು. ಮುಖದ ಪುಟಿತಕ್ಕೆ, ಅಂದರೆ ಅದು ಚೆಂಡನ್ನು ಚಿಮ್ಮಿಸುವ ಶಕ್ತಿಗೆ, ಗಾಲ್ಫ್ ನಿಯಮದಲ್ಲೇ ಮಿತಿ ಇದೆ, 0.83. ಆ ಮಿತಿಯನ್ನು ಕೋಲು ಮಾಡುವವರು ಇಪ್ಪತ್ತು ವರ್ಷದ ಹಿಂದೆಯೇ ಮುಟ್ಟಿಯಾಗಿತ್ತು. ಸರಿಯಾಗಿ ನಡುವಿನಲ್ಲಿ ತಗುಲಿದ ಚೆಂಡಿಗೆ ಹಳೆಯದಕ್ಕೂ ಹೊಸದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರುವುದಿಲ್ಲ. ಹೊಸ ಕೋಲು ಲಾಭ ಕೊಡುವುದು ತಪ್ಪಾಗಿ ತಗುಲಿದ ಚೆಂಡಿಗೆ. ತಲೆ ಈಗ 460 ಸಿಸಿ, ಅದೇ ಗರಿಷ್ಠ. ತೂಕವನ್ನು ಹಿಂದಕ್ಕೂ ಅಂಚಿಗೂ ತಳ್ಳಿರುವುದರಿಂದ ಹೊಡೆತ ಓರೆಯಾದರೂ ತಲೆ ಬೇಗ ತಿರುಚಿಕೊಳ್ಳುವುದಿಲ್ಲ. ಸರ್ ಎಲ್ಲಿ ತಪ್ಪುತ್ತಾರೆ ಎಂದು ತಿಳಿಯದೆ ಹೊಸದು ಕೊಂಡರೆ, ಕಣ್ಣು ಪರೀಕ್ಷೆ ಮಾಡಿಸದೆ ಕನ್ನಡಕ ತಂದ ಹಾಗೆ.

ಇನ್ನೊಂದು ವಿಷಯ. ಏಷ್ಯಾದಲ್ಲಿ ಆಗ ಮಿತಿ ಮೀರಿದ ಪುಟಿತದ ಡ್ರೈವರುಗಳೂ ಮಾರಾಟವಾಗುತ್ತಿದ್ದವು. 2008ರಿಂದ ಅವು ಯಾರ ಕೈಯಲ್ಲಿದ್ದರೂ ನಿಯಮಬಾಹಿರ. ನಿಮ್ಮದು ಸಿಂಗಪುರದ್ದು ಎಂದಿರಿ. ಕ್ಲಬ್ಬಿನ ಸ್ಪರ್ಧೆ ಆಡುವುದಿದ್ದರೆ ಗಾಲ್ಫ್ ನಿಯಮ ಮಾಡುವ ಸಂಸ್ಥೆಗಳ ಅನುಮತಿ ಪಟ್ಟಿಯಲ್ಲಿ ಅದರ ಹೆಸರಿದೆಯೇ ನೋಡಿಬಿಡಿ.

ಬ್ಯಾಗ್ ಹೊತ್ತವನು:

ನಾನು ಹದಿನಾಲ್ಕನೇ ವಯಸ್ಸಿನಿಂದ ಕ್ಯಾಡಿ. ಸಾವಿರ ಜನರ ಹೊಡೆತ ನೋಡಿದ್ದೇನೆ. ಸ್ವಾಮಿ, ಟೀ (ಚೆಂಡು ಕೂರಿಸುವ ಗೂಟ) ಎಷ್ಟು ಎತ್ತರಕ್ಕೆ ಚುಚ್ಚುತ್ತೀರಿ? ಹಳೆಯ ಸಣ್ಣ ತಲೆಯ ಕಾಲದವರೆಲ್ಲ ಟೀಯನ್ನು ನೆಲಕ್ಕೆ ಅಂಟಿಸುತ್ತಾರೆ. ಕೋಲನ್ನು ನೆಲಕ್ಕೆ ಇಟ್ಟಾಗ ಚೆಂಡಿನ ಅರ್ಧ ಭಾಗ ತಲೆಯ ಮೇಲಂಚಿಗಿಂತ ಮೇಲೆ ಕಾಣಬೇಕು. ಚೆಂಡು ಎಡಗಾಲಿನ ಹಿಮ್ಮಡಿಯ ನೇರಕ್ಕೆ ಇರಲಿ. ಕಾಸು ಖರ್ಚಿಲ್ಲದ ಕೆಲಸ ಇದು.

ಲಲಿತಮಹಲ್ ರಸ್ತೆ:

ಪರೀಕ್ಷೆ ಮಾಡಿದೆ. ಕಾರ್ಡಿಗೆ ಮುಖ ಉಬ್ಬಾಗಿಯೇ ಇದೆ, ಸದ್ದೂ ಸರಿಯಾಗಿದೆ. ಪಟ್ಟಿಯಲ್ಲಿ ಹೆಸರು ಸಿಕ್ಕಿತು, ಭಾವನ ಮರ್ಯಾದೆ ಉಳಿಯಿತು.

ಪೌಡರಿನ ಕತೆ ಬೇರೆ. ಆರೂವರೆಗೆ ಹೋದೆ, ಬೆಟ್ಟದ ಮೇಲೆ ಇನ್ನೂ ಮಂಜು. ಮಲ್ಲಿಗೆ ವಾಸನೆಯ ಪೌಡರ್ ಸವರಿದ ಡ್ರೈವರ್ ನೋಡಿ ಪಕ್ಕದವರು ಏನೂ ಕೇಳಲಿಲ್ಲ, ಸ್ವಲ್ಪ ದೂರ ಸರಿದು ನಿಂತರು. ಹತ್ತರಲ್ಲಿ ಏಳು ಗುರುತು ಹೀಲ್ ಕಡೆಗೆ, ಅಂದರೆ ಶಾಫ್ಟ್ ಸೇರುವ ಕುತ್ತಿಗೆಯಿಂದ ಎರಡು ಬೆರಳಿನಷ್ಟು ದೂರ, ಅದೂ ನಡುಗೆರೆಯ ಕೆಳಗೆ. ಚೆಂಡಿನ ಕುಳಿಗಳ ಅಚ್ಚು ಪೌಡರಿನಲ್ಲಿ ಸಾಲಾಗಿ ಮೂಡಿತ್ತು. ನಡುವಿನಲ್ಲಿ ಬಿದ್ದದ್ದು ಎರಡೇ, ಆ ಎರಡೂ ನೆಟ್ಟಗೆ ಹೋದವು. ಇನ್ನೊಂದರ ವಿಷಯ ಬೇಡ.

ಟೀ ಎತ್ತರಿಸಿದ ಮೇಲೆ ಗುರುತು ಸ್ವಲ್ಪ ಮೇಲಕ್ಕೆ ಬಂತು. ಹೀಲ್ ಮಾತ್ರ ಬಿಡಲಿಲ್ಲ.

ಮಂಡ್ಯದ ಆಲೆಮನೆ:

ಹಾಗಾದರೆ ರೋಗ ಸಿಕ್ಕಿತು. ಬಲಗೈ ಆಟಗಾರನ ಚೆಂಡು ಹೀಲಿಗೆ ತಗುಲಿದರೆ, ತಲೆ ತಿರುಚಿಕೊಂಡು ಎರಡು ಹಲ್ಲುಚಕ್ರ ಒಂದನ್ನೊಂದು ಉಜ್ಜಿದ ಹಾಗೆ ಚೆಂಡಿಗೆ ಬಲಕ್ಕೆ ತಿರುಗುವ ಸುತ್ತು ಹಿಡಿಯುತ್ತದೆ. ಕೆಳಭಾಗಕ್ಕೆ ತಗುಲಿದರೆ ಹಿಂಸುತ್ತು (ಚೆಂಡು ಹಿಂದಕ್ಕೆ ಸುತ್ತುವುದು) ಹೆಚ್ಚಿ, ಎತ್ತರ ಕಡಿಮೆಯಾಗುತ್ತದೆ. ಇದಕ್ಕೆ ಜೊತೆಯಾಗಿ ನೀವು ಮೇಲಿನಿಂದ ಕಬ್ಬು ಕಡಿಯುವಂತೆ ಬೀಸುತ್ತಿದ್ದೀರಿ ಎಂದು ನನ್ನ ಗುಮಾನಿ. 9 ಡಿಗ್ರಿ ಅಂಥ ಬೀಸಿಗೆ ಕನಿಷ್ಠ ಒಂದೂವರೆ ಡಿಗ್ರಿ ಕಡಿಮೆ.

ನಾಳೆ ಗ್ರಿಪ್ಪನ್ನು ಒಂದು ಅಂಗುಲ ಕೆಳಕ್ಕೆ ಹಿಡಿದು ಹೊಡೆಯಿರಿ. ಗುರುತು ನಡುವಿಗೆ ಬಂದರೆ ನಿಮಗೆ ಬೇಕಾದದ್ದು ಕುಳ್ಳಗಿನ ಕೋಲು. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 45.5 ಅಂಗುಲದಿಂದ ಮೇಲೆ. ಉದ್ದ ಹೆಚ್ಚಿದಷ್ಟು ಗಜ ಹೆಚ್ಚು ಎಂದು ಮಾರುತ್ತಾರೆ, ನಡುವಿಗೆ ತಗುಲುವುದು ಕಡಿಮೆಯಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. 45ಕ್ಕೆ ಕತ್ತರಿಸಿಕೊಡಲು ಕೇಳಿ. ಕತ್ತರಿಸಿದರೆ ತಲೆ ಹಗುರ ಎನ್ನಿಸುತ್ತದೆ, ಬೇಕೆನಿಸಿದರೆ ಹಿಂಬದಿಯ ತೂಕದ ತಿರುಪನ್ನು ಭಾರದ್ದಕ್ಕೆ ಬದಲಿಸಬಹುದು.

ಶಾಫ್ಟ್ ಮೇಲಿನ ‘ಎಸ್’, ‘ಆರ್’ ಅಕ್ಷರಗಳಿಗೆ ಎಲ್ಲ ಕಂಪನಿಗೂ ಒಂದೇ ಅಳತೆ ಎಂಬುದಿಲ್ಲ. ಒಬ್ಬರ ‘ಆರ್’ ಇನ್ನೊಬ್ಬರ ‘ಎಸ್’ನಷ್ಟು ಗಟ್ಟಿ ಇರಬಹುದು. ಅಕ್ಷರ ಬಿಡಿ, 50 ಗ್ರಾಂ ಆಸುಪಾಸಿನ ಶಾಫ್ಟನ್ನು ಹಿಡಿದು ಬೀಸಿ ನೋಡಿ. ಎರಡು ಮೂರು ವರ್ಷ ಹಿಂದಿನ ಮಾದರಿ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ, ಬೆಲೆ ಇಳಿದಿರುತ್ತದೆ, ತಲೆ ಹೆಚ್ಚುಕಡಿಮೆ ಅದೇ. ಅದಕ್ಕಿಂತ ಹಳೆಯದಾದ, ಪಿಂಗ್ ಕಂಪನಿಯ ಜಿ425 ಮ್ಯಾಕ್ಸ್‌ನಂಥದ್ದೂ ನಿಮಗೆ ಸಾಕು. ಬಳಸಿದ್ದನ್ನು ಕೊಳ್ಳುವುದಾದರೆ ಕುತ್ತಿಗೆಯ ಮೇಲಿನ ಕ್ರಮಸಂಖ್ಯೆಯನ್ನು ಕಂಪನಿಗೆ ಕಳುಹಿಸಿ ವಿಚಾರಿಸಿ. ನಕಲಿ ಬಹಳ ಇದೆ.

ಲಲಿತಮಹಲ್ ರಸ್ತೆ:

ಒಂದು ಅಂಗುಲ ಕೆಳಕ್ಕೆ ಹಿಡಿದೆ. ಹತ್ತರಲ್ಲಿ ಆರು ನಡುವಿಗೆ ಬಂದವು. ಅದನ್ನೇ ಮುಂದುವರಿಸಬಹುದಿತ್ತು, ಆದರೆ ಮನಸ್ಸು ಬೆಂಗಳೂರಿನ ಅಂಗಡಿಗೆ ಹೊರಟಾಗಿತ್ತು.

ಹಳೆಯ ಡ್ರೈವರನ್ನೂ ಒಯ್ದಿದ್ದೆ. ಅಳೆಯುವ ಯಂತ್ರದ ಮುಂದೆ ಮೊದಲು ಅದನ್ನೇ ಹೊಡೆಸಿದರು. ಬೀಸಿನ ವೇಗ ಗಂಟೆಗೆ 88 ಮೈಲಿ, ಚೆಂಡು ಮೇಲೇರಿದ ಕೋನ 9 ಡಿಗ್ರಿ, ಹಿಂಸುತ್ತು ನಿಮಿಷಕ್ಕೆ 3,600, ಗಾಳಿಯಲ್ಲಿ 168 ಗಜ. ಎರಡು ವರ್ಷ ಹಿಂದಿನ ಮಾದರಿ, 10.5 ಡಿಗ್ರಿ, 45 ಅಂಗುಲ, ಹಗುರ ಶಾಫ್ಟ್: ಕೋನ 13, ಸುತ್ತು 2,700, ಗಾಳಿಯಲ್ಲೇ 189. ಈ ವರ್ಷದ ದುಬಾರಿ ಕೋಲು 190. ಒಂದು ಗಜಕ್ಕೆ ಹದಿನೆಂಟು ಸಾವಿರ ಕೊಡುವಷ್ಟು ಹುಚ್ಚು ಹಿಡಿದಿಲ್ಲ, ಅಗ್ಗದ್ದನ್ನೇ ತಂದೆ.

ಮೂರು ವಾರ ಚೆನ್ನಾಗಿತ್ತು. ಮೊನ್ನೆ ಲಾಫ್ಟ್ ಇನ್ನೂ ಸ್ವಲ್ಪ ಇರಲಿ ಎಂದು ಕುತ್ತಿಗೆಯಲ್ಲಿ ಲಾಫ್ಟ್ ಬದಲಿಸಲು ಇರುವ ಕೊಳವೆಯನ್ನು (ಸ್ಲೀವ್) ಬಿಚ್ಚಿ ಒಂದೂವರೆ ಡಿಗ್ರಿ ಏರಿಸಿದೆ. ಈಗ ಚೆಂಡು ಎಡಗಡೆಯ ಮರಗಳಿಗೆ ಹೋಗುತ್ತಿದೆ.

ಬ್ಯಾಗ್ ಹೊತ್ತವನು:

ಸ್ವಾಮಿ, ಆ ಸ್ಲೀವ್ ತಿರುಗಿಸಿ ಲಾಫ್ಟ್ ಏರಿಸಿದರೆ ಮುಖವೂ ಎಡಕ್ಕೆ ಮುಚ್ಚಿಕೊಳ್ಳುತ್ತದೆ. ಎರಡೂ ಒಟ್ಟಿಗೇ ಆಗುವುದು. ಮೊದಲಿದ್ದ ಗುರುತಿಗೇ ತಿರುಗಿಸಿಡಿ. ಬಿಗಿಮಾಡುವಾಗ ಕೋಲಿನ ಜೊತೆ ಕೊಟ್ಟ ಸ್ಪ್ಯಾನರನ್ನೇ ಬಳಸಿ, ಟಿಕ್ ಎಂದು ಸದ್ದು ಬಂದ ಮೇಲೆ ಇನ್ನು ತಿರುಗಿಸಬೇಡಿ. ಹಳೆಯ ಡ್ರೈವರನ್ನು ಮಾರುವುದಿದ್ದರೆ ಹೇಳಿ, ನನ್ನ ತಮ್ಮನ ಮಗ ಈಗಷ್ಟೇ ಆಡಲು ಶುರು ಮಾಡಿದ್ದಾನೆ, ಅವನ ಬೀಸು ಜೋರಾಗಿದೆ.