ಡ್ರೈವರ್ ಬಾಗಿಲಿನ ಗ್ಲಾಸ್ ಅರ್ಧಕ್ಕೇ ನಿಂತಿದೆ, ಎರಡು ವರ್ಷದಲ್ಲಿ ಎರಡನೇ ಮೋಟಾರ್!

ಡೊಂಬಿವಲಿ ಡ್ರೈವರ್:
ಎಲ್ಲರಿಗೂ ನಮಸ್ಕಾರ. 2012ರ ಸಣ್ಣ ಕಾರು. ನಿನ್ನೆ ಕಲ್ಯಾಣ್-ಶಿಳ್ ರಸ್ತೆಯಲ್ಲಿ ದಾರಿ ಕೇಳೋಣ ಅಂತ ಗ್ಲಾಸ್ ಇಳಿಸಿದೆ. ಅರ್ಧಕ್ಕೆ ಬಂದು ನಿಂತಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಅದೇ ಹೊತ್ತಿಗೆ ಮಳೆ ಬೇರೆ. ಮನೆ ಮುಟ್ಟುವಾಗ ಬಲ ತೋಳು ಪೂರ್ತಿ ಒದ್ದೆ. ಉಳಿದ ಮೂರು ಗ್ಲಾಸ್ ಚೆನ್ನಾಗಿವೆ. ಮೆಕ್ಯಾನಿಕ್ ಬಾಗಿಲು ಬಿಚ್ಚದೆಯೇ "ಮೋಟಾರ್ ಗೇಲಿ" ಅಂದುಬಿಟ್ಟ, ಅಂದರೆ ಗ್ಲಾಸ್ ಏರಿಳಿಸುವ ಮೋಟಾರ್ ಹೋಯಿತು ಅಂತ. ಎರಡು ವರ್ಷದ ಹಿಂದೆ ಇದೇ ಬಾಗಿಲಿಗೆ ಹೊಸದು ಹಾಕಿಸಿದ್ದೆ. ಮತ್ತೆ ದುಡ್ಡು ಸುರಿಯಬೇಕಾ?

ಪುಣೆ ಪಾನಾ:
ಸದ್ಯಕ್ಕೆ ಏನೂ ಕೊಳ್ಳಬೇಡಿ ಸರ್. ರಾತ್ರಿ ಒಳಗಿನ ಲೈಟ್ ಹಾಕಿ, ಸ್ವಿಚ್ ಒತ್ತಿ ನೋಡಿ. ಲೈಟ್ ಒಂಚೂರು ಮಂಕಾದರೆ ಮೋಟಾರಿಗೆ ಕರೆಂಟ್ ಹೋಗುತ್ತಿದೆ, ಅದು ತಿರುಗಲಾರದೆ ಒದ್ದಾಡುತ್ತಿದೆ ಅಂತ ಅರ್ಥ. ಮಂಕಾಗದಿದ್ದರೆ ಸ್ವಿಚ್, ವೈರ್, ಮೋಟಾರ್ ಮೂರರ ಮೇಲೂ ಅನುಮಾನ.

ಆಮೇಲೆ ಡೋರ್ ಪ್ಯಾಡ್ (ಬಾಗಿಲ ಒಳಗಿನ ಹೊದಿಕೆ) ಬಿಚ್ಚಿ ಮೋಟಾರಿನ ಕಪ್ಲರ್, ಅಂದರೆ ವೈರ್ ಸೇರುವ ಪ್ಲಗ್, ಎಳೆಯಿರಿ. ಮುಖ್ಯವಾದವು ಎರಡು ವೈರ್. ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಆ ಎರಡಕ್ಕೂ ಸೇರಿಸಿ ಸ್ವಿಚ್ ಒತ್ತಿ. ಮೇಲೆ ಒತ್ತಿದರೂ ಉರಿಯಬೇಕು, ಕೆಳಗೆ ಒತ್ತಿದರೂ ಉರಿಯಬೇಕು. ಪ್ಲಸ್ ಮೈನಸ್ ಅದಲುಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ, ಗ್ಲಾಸ್ ಏರಿ ಇಳಿಯೋದು ಇಷ್ಟರಿಂದಲೇ. ಮೀಟರ್ ಒಂದನ್ನೇ ನಂಬಬೇಡಿ. ಬಾಗಿಲು ಮಡಚುವ ಕಡೆ ರಬ್ಬರ್ ಕೊಳವೆಯೊಳಗೆ ವೈರ್ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಬಲ್ಬ್ ಸುಳ್ಳು ಹೇಳಲ್ಲ.

ಡೊಂಬಿವಲಿ ಡ್ರೈವರ್:
ಮಾಡಿದೆ. ಲೈಟ್ ಮಂಕಾಗಲಿಲ್ಲ. ಆದರೆ ಬಲ್ಬ್ ಎರಡೂ ಕಡೆ ಜೋರಾಗಿ ಉರಿಯಿತು. ಕಪ್ಲರ್ ವಾಪಸ್ ಹಾಕಿ ಸ್ವಿಚ್ ಒತ್ತಿಕೊಂಡೇ ಸ್ಕ್ರೂಡ್ರೈವರ್ ಹಿಡಿಯಿಂದ ಮೋಟಾರಿಗೆ ಎರಡು ಸಲ ಮೆಲ್ಲಗೆ ಕುಟ್ಟಿದೆ. ಗರ್ರ್ ಅಂತ ಅರ್ಧ ಇಂಚು ಏರಿ ಮತ್ತೆ ನಿಂತಿತು. ಪ್ಯಾಡಿನ ಕೆಳಗೆ ಕೈ ಇಟ್ಟರೆ ಒದ್ದೆ. ಒಳಗೆ ನೀರು ತಡೆಯುವ ಪ್ಲಾಸ್ಟಿಕ್ ಹಾಳೆಯೇ ಇಲ್ಲ!

ವಾಸ್ಕೋ ವೈರ್‌ಮನ್:
ಕುಟ್ಟಿದರೆ ತಿರುಗುತ್ತದೆ ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದಿದೆ ಇಲ್ಲಾ ಸಿಕ್ಕಿಕೊಂಡಿದೆ. ಮೋಟಾರ್ ಹೋಗಿದೆ, ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಆದರೆ ಕಾರಣ ಹುಡುಕದೆ ಹೊಸದು ಹಾಕಿದರೆ ಇನ್ನೆರಡು ಮಳೆಗಾಲ ಕಳೆದು ಮತ್ತೆ ಇಲ್ಲೇ ಬರುತ್ತೀರಿ.

ಬಾಗಿಲೊಳಗೆ ಮಳೆ ನೀರು ಇಳಿಯೋದು ತಪ್ಪಲ್ಲ, ಬಾಗಿಲು ಮಾಡಿರೋದೇ ಹಾಗೆ. ಇಳಿದ ನೀರು ತಳದ ತೂತುಗಳಿಂದ ಹೊರಗೆ ಹೋಗಬೇಕು. ತೂತಿಗೆ ಕೆಸರು ಕಟ್ಟಿದರೆ ಬಾಗಿಲೇ ಬಕೆಟ್ ಆಗುತ್ತದೆ. ಸೈಕಲ್ ಕಡ್ಡಿ ಹಾಕಿ ಚುಚ್ಚಿ ನೋಡಿ. ಗ್ಲಾಸಿನ ಹೊರಗಿನ ಬೀಡಿಂಗ್ (ರಬ್ಬರ್ ಪಟ್ಟಿ) ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಿ, ಇಲ್ಲದಿದ್ದರೆ ನೀರು ಸೀದಾ ಮೋಟಾರಿನ ತಲೆ ಮೇಲೆ. ಹಾಳೆಯನ್ನು ಹಿಂದಿನ ಸಲ ಯಾರೋ ಹರಿದು ಎಸೆದಿದ್ದಾರೆ. ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಬ್ಯೂಟೈಲ್ ಟೇಪಿನಿಂದ (ಜಿಗುಟು ರಬ್ಬರ್ ಟೇಪ್) ಅಂಟಿಸಿ. ಕೆಳಗಿನ ಅಂಚು ಬಾಗಿಲ ಒಳಕ್ಕೇ ಇಳಿದಿರಲಿ, ಪ್ಯಾಡ್ ಕಡೆಗೆ ಬೇಡ.

ಇನ್ನೊಂದು. ಗ್ಲಾಸ್ ಎತ್ತುವ ಮಶೀನ್ ನಿಮ್ಮದು ಕೇಬಲ್ಲಿನದ್ದಾ, ಕತ್ತರಿ ಥರದ್ದಾ? ಕತ್ತರಿ ಥರದ್ದರಲ್ಲಿ ದಪ್ಪ ಸುರುಳಿ ಸ್ಪ್ರಿಂಗ್ ಇದ್ದರೆ ಹಲ್ಲಿನ ಪಟ್ಟಿಯನ್ನು ಬೋಲ್ಟ್ ಹಾಕಿ ಬಿಗಿಯದೆ ಮೋಟಾರ್ ಬಿಚ್ಚಲೇಬೇಡಿ. ಮಶೀನಿನ ತೋಳು ಚಟಾರಂತ ತಿರುಗಿ ಬೆರಳು ಮುರಿಯುತ್ತದೆ. ನನ್ನ ಹೆಬ್ಬೆರಳಿನ ಉಗುರು ಇವತ್ತಿಗೂ ಸೊಟ್ಟ.

ಡೊಂಬಿವಲಿ ಡ್ರೈವರ್:
ಕೇಬಲ್ ಮಶೀನ್, ಬಚಾವ್. ಭಾನುವಾರ ಮುಂಬೈನ ಕುರ್ಲಾದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಮೋಟಾರ್ ತಂದೆ. ಮನೆಗೆ ಬಂದು ನೋಡಿದರೆ ಎಡ ಬಾಗಿಲಿನದು! ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗಿವೆ, ಕಪ್ಲರ್ ಕೂಡ ಕೂರುತ್ತದೆ, ಬೋಲ್ಟಿನ ತೂತುಗಳು ಮಾತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಮತ್ತೆ ಲೋಕಲ್ ಹತ್ತಬೇಕು.

ಪುಣೆ ಪಾನಾ:
ಹ್ಹಹ್ಹ, ಅದಕ್ಕೇ ನಮ್ಮ ಪುಣೆಯ ಸ್ಪೇರ್ ಪಾರ್ಟ್ಸ್ ಪೇಟೆ ನಾನಾ ಪೇಠಕ್ಕೆ ಹೋಗುವಾಗ ಹಳೇ ಮೋಟಾರನ್ನು ಚೀಲದಲ್ಲಿ ಒಯ್ಯುತ್ತೇನೆ. ಬದಲಿಸಿಕೊಂಡು ಬನ್ನಿ. ಮಶೀನ್ ಬಿಚ್ಚುವ ಮೊದಲು ಗ್ಲಾಸನ್ನು ಮೇಲೆತ್ತಿ ಬಾಗಿಲ ಚೌಕಟ್ಟಿನ ಆಚೆ ಈಚೆ ಟೇಪ್ ಹಾಕಿ ನಿಲ್ಲಿಸಿ. ಹೊಸದು ಕೂರಿಸುವ ಮುಂಚೆ ಬರೀ ಗ್ಲಾಸನ್ನು ಎರಡು ಕೈಯಲ್ಲಿ ಹಿಡಿದು ಏರಿಸಿ ಇಳಿಸಿ. ಎಲ್ಲಾದರೂ ಹಿಡಿದರೆ ಗ್ಲಾಸ್ ಜಾರುವ ರಬ್ಬರ್ ಚಾನೆಲ್ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಇಂಜಿನ್ ಆಯಿಲ್ ಖಂಡಿತ ಬೇಡ, ರಬ್ಬರ್ ಉಬ್ಬುತ್ತದೆ.

ಡೊಂಬಿವಲಿ ಡ್ರೈವರ್:
ಆಯಿತು! ಹಿಂದಿನ ಚಾನೆಲ್‌ನಲ್ಲಿ ಮರಳು ಮೆತ್ತಿಕೊಂಡು ಗ್ಲಾಸ್ ಮುಕ್ಕಾಲು ದಾರಿಯಲ್ಲಿ ಹಿಡಿಯುತ್ತಿತ್ತು. ತಳದ ಮೂರು ತೂತುಗಳಲ್ಲಿ ಎರಡು ಪೂರ್ತಿ ಮುಚ್ಚಿದ್ದವು. ಚುಚ್ಚಿದ ಕೂಡಲೇ ಕಪ್ಪು ನೀರು ನನ್ನ ಚಪ್ಪಲಿ ಮೇಲೆ. ಹೊಸ ಬೀಡಿಂಗ್ ಹಾಕಿದೆ, ಹಾಳೆ ಅಂಟಿಸಿದೆ. ಈಗ ಗ್ಲಾಸ್ ಒಂದೇ ಉಸಿರಲ್ಲಿ ಏರುತ್ತದೆ. ಹೊರಗಿನಿಂದ ಒಂದು ಚೊಂಬು ನೀರು ಸುರಿದು ಎಣಿಸಿದೆ, ಹತ್ತಕ್ಕೆ ಮುಂಚೆ ತಳದಿಂದ ತೊಟ್ಟಿಕ್ಕಿತು. ಇನ್ನು ಎಡಗಡೆ ಬಾಗಿಲಿನ ತೂತು ಚುಚ್ಚಲು ಹೊರಟೆ.